ಕೆಂಪಮ್ಮನವರ ಹೊಲದ ಮೂರು ಕಲ್ಲುಕಂಬ

ಎರಡು ವರ್ಷದ ಹಿಂದಿನ ಮಾತು. ಸಂಕ್ರಾಂತಿ ಕಳೆದ ಎರಡನೇ ಭಾನುವಾರ. ನಾನು ಪಾಂಡವಪುರಕ್ಕೆ ಹತ್ತಿರದ ಒಂದು ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕ. ಊರಿನವರೆಲ್ಲ ಕರೆಯುವುದು ಪಿ.ಟಿ. ಮೇಷ್ಟ್ರು ಅಂತ. ಕೊರಳಲ್ಲಿ ಸೀಟಿ, ಕೈಯಲ್ಲಿ ಅಳತೆ ಟೇಪು, ಪಕ್ಕದಲ್ಲಿ ಸುಣ್ಣದ ಪುಡಿಯ ಬಕೆಟ್ಟು. ಇಷ್ಟರಲ್ಲೇ ಇಪ್ಪತ್ತಾರು ವರ್ಷ ಸರ್ವಿಸ್ ಮುಗಿದಿದೆ. ನಮ್ಮ ಕಡೆ ಆಗಸ್ಟ್ ಹದಿನೈದರ ಪೆರೇಡಿರಲಿ, ಯುವಕರ ಕಬಡ್ಡಿ ಪಂದ್ಯವಿರಲಿ, ಗೆರೆ ಹಾಕುವುದಕ್ಕೂ ಜನರನ್ನು ಹಿಂದಕ್ಕೆ ಸರಿಸುವುದಕ್ಕೂ ನನಗೇ ಹೇಳಿ ಕಳಿಸುತ್ತಾರೆ. ನಾನೂ ಇಲ್ಲ ಅನ್ನುವುದಿಲ್ಲ.

ಆ ಸಲ ಕರೆದವನು ಲೋಕೇಶ. ನನ್ನ ಹಳೇ ವಿದ್ಯಾರ್ಥಿ. ಪಾಂಡವಪುರದಲ್ಲಿ ಬೈಕ್ ಗ್ಯಾರೇಜು ಇಟ್ಟುಕೊಂಡಿದ್ದಾನೆ. ಒಂದು ದಿನ ಶಾಲೆಯ ಹತ್ತಿರವೇ ಬಂದ.

"ಸಾ, ಬೈಕ್ ಡ್ರ್ಯಾಗ್ ರೇಸ್ ಮಾಡ್ತಾ ಇವ್ನಿ. ಪರ್ಮಿಶನ್ ಎಲ್ಲ ತಗಂಡಿವ್ನಿ. ಆಂಬುಲೆನ್ಸೂ ಬತ್ತದೆ. ನೀವು ಬಂದು ಗೆರೆ ಆಕ್ಕೊಟ್ಟು ಜನ ನೋಡ್ಕಳಿ. ನಿಮ್ ಸೀಟಿಗೆ ಇವತ್ಗೂ ಎದ್ರುಕತಾರೆ" ಅಂದ.

"ಡ್ರ್ಯಾಗ್ ರೇಸ್ ಅಂದ್ರೆ ಏನ್ಲಾ?"

"ಏನಿಲ್ಲ ಸಾ. ಒಂದು ಸಲಕ್ಕೆ ಎರಡೇ ಬೈಕು. ನೆಟ್ಟಗೆ ನಾನೂರು ಮೀಟ್ರು. ಯಾರು ಮೊದ್ಲು ಗೆರೆ ದಾಟ್ತಾರೋ ಅವ್ರು ಗೆದ್ದಂಗೆ. ನಮ್ ನೂರು ಮೀಟ್ರು ಓಟ ಇದ್ದಂಗೇ ಕಣ್ ಸಾ."

ನೂರು ಮೀಟರ್ ಓಟ ಅಂದದ್ದಕ್ಕೇ ಒಪ್ಪಿಕೊಂಡೆನೇನೋ. ಅವನ ತಮ್ಮ ಮಹೇಶ ನನ್ನ ಕೈಯಲ್ಲಿ ಓಟ ಕಲಿತವನು. ಜಿಲ್ಲಾ ಮಟ್ಟದಲ್ಲಿ ಇನ್ನೂರು ಮೀಟರ್ ಗೆದ್ದು ಬಂದ ಹುಡುಗ. ಈಗ ಇಪ್ಪತ್ತನಾಲ್ಕು ವಯಸ್ಸು, ಅಣ್ಣನ ಗ್ಯಾರೇಜಿನಲ್ಲೇ ಕೆಲಸ. ಅವನೂ ಓಡಿಸುತ್ತಾನೆ ಎಂದು ಲೋಕೇಶ ಹೇಳಿದ.

ಜಾಗ ಇದ್ದದ್ದು ನಾಗಮಂಗಲದ ಕಡೆ ಹೋಗುವ ದಾರಿಯಿಂದ ಸ್ವಲ್ಪ ಒಳಗೆ. ಹೊಸ ಬಡಾವಣೆ ಮಾಡಲು ಹೊರಟು ಮೊದಲು ರಸ್ತೆ ಹಾಕಿಬಿಟ್ಟಿದ್ದರು. ಮನೆ ಒಂದೂ ಎದ್ದಿರಲಿಲ್ಲ. ಸುತ್ತ ರಾಗಿ ಕೊಯ್ದ ಹೊಲಗಳು, ನಡುವೆ ದಾರ ಹಿಡಿದು ಎಳೆದಂಥ ಮೂವತ್ತಡಿ ಅಗಲದ ಟಾರು ರಸ್ತೆ. ಬೆಳಗ್ಗೆ ಏಳಕ್ಕೆಲ್ಲ ನಾನು ಅಲ್ಲಿದ್ದೆ. ರೇಸು ಶುರುವಾಗುವುದು ಹತ್ತಕ್ಕೆ.

ಹೊರಡುವ ಗೆರೆ ಹಾಕಿದೆ. ಅಲ್ಲಿಂದ ನಾನೂರು ಮೀಟರ್ ಅಳೆದು ಮುಗಿಯುವ ಗೆರೆ ಹಾಕಿದೆ. ಕೆಲಸ ಅಲ್ಲಿಗೆ ಮುಗಿಯಿತು. ಆದರೆ ಟೇಪು ಸುತ್ತಿಕೊಳ್ಳುವಾಗ ಮುಂದೆ ನೋಡಿದೆ. ರಸ್ತೆಯ ಕೊನೆ ಅಲ್ಲೇ ಕಾಣಿಸುತ್ತಿತ್ತು. ಯಾಕೋ ಕಸಿವಿಸಿಯಾಯಿತು. ಯಾರೂ ಹೇಳದಿದ್ದರೂ ಗೆರೆಯಿಂದಾಚೆಗೆ ಟೇಪು ಹಿಡಿದೆ. ಮೂವತ್ತು ಮೀಟರಿನ ಟೇಪು ನಾಲ್ಕು ಸಲ, ಮೇಲೆ ಹದಿನೆಂಟು ಮೀಟರ್. ಅಷ್ಟೇ. ಅದರಲ್ಲೂ ಕೊನೆಯ ಒಂದು ಟೇಪಿನಷ್ಟು ಜಾಗದಲ್ಲಿ ಚರಂಡಿ ಕೆಲಸಕ್ಕೆ ತಂದ ಜಲ್ಲಿಪುಡಿ ಚೆಲ್ಲಿತ್ತು. ಟಾರು ಮುಗಿದ ಮೇಲೆ ಹತ್ತಡಿ ಮಣ್ಣು, ಆಮೇಲೆ ಕಲ್ಲುಕಂಬದ ಬೇಲಿ. ಐದೈದು ಎಳೆ ಮುಳ್ಳುತಂತಿ ಬಿಗಿದಿದ್ದರು.

ನನ್ನ ಕಸಿವಿಸಿಗೆ ಕಾರಣವಿತ್ತು. ಬಹಳ ವರ್ಷದ ಹಿಂದೆ ನಾನು ಕೆ.ಆರ್. ಪೇಟೆ ಕಡೆಯ ಶಾಲೆಯಲ್ಲಿದ್ದಾಗ, ಮೈದಾನ ಸಾಲದು ಎಂದು ನೂರು ಮೀಟರಿನ ಕೊನೆಯ ಗೆರೆಯನ್ನು ಕಾಂಪೌಂಡ್ ಗೋಡೆಯ ಹತ್ತಿರಕ್ಕೆ ಹಾಕಿದ್ದೆ. ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಗೆದ್ದ ಜೋರಿನಲ್ಲಿ ನಿಲ್ಲಲಾಗದೆ ಹೋಗಿ ಗೋಡೆಗೆ ಎರಡೂ ಕೈ ಕೊಟ್ಟಳು. ಒಂದು ಮಣಿಕಟ್ಟು ಮುರಿಯಿತು. ಅವಳ ತಂದೆ ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಲೋಕೇಶನನ್ನು ಕರೆದು ತೋರಿಸಿದೆ.

"ಲೇ, ನಮ್ಮ ಮಕ್ಳು ಬರಿಗಾಲಲ್ಲಿ ಓಡಿದ್ರೇ ನಿಂತ್ಕೊಳೋಕೆ ಇಪ್ಪತ್ತು ಮೀಟ್ರು ಬೇಕು ಕಣ್ಲಾ. ಈ ಗಾಡಿಗಳು ಗೆರೆ ದಾಟುವಾಗ ಎಷ್ಟು ಸ್ಪೀಡಲ್ಲಿರ್ತವೆ?"

"ನೂರಮೂವತ್ತು, ನಲವತ್ತು ಇರ್ತವೆ ಸಾ."

"ಇಷ್ಟು ಜಾಗ ಸಾಕಾ?"

"ಬೇಕಾದಷ್ಟಾಯ್ತು ಸಾ. ಡಿಸ್ಕ್ ಬ್ರೇಕು. ಬರೋರೆಲ್ಲ ಪಳಗ್ದೋರೇಯ."

"ಗೆರೆನ ನೂರು ಮೀಟ್ರು ಹಿಂದಕ್ಕೆ ತಂದ್ಬಿಡಾನ. ಮುನ್ನೂರೇ ಓಡಿಸ್ಲಿ."

ಅವನು ನಕ್ಕ. "ಮುನ್ನೂರು ಅಂದ್ರೆ ಯಾರೂ ಗಾಡಿ ತರಾಕಿಲ್ಲ ಸಾ. ಬ್ಯಾನರ್‌ನಾಗೆ ನಾನೂರು ಅಂತ ಪ್ರಿಂಟಾಗ್ಬುಟ್ಟದೆ. ಮೈಸೂರಿಂದ ಎಲ್ಲ ಬತ್ತಾವ್ರೆ. ನೀವ್ ಸುಮ್ಕೆ ತಲೆ ಕೆಡುಸ್ಕಬೇಡಿ."

ನಾನು "ಆಯ್ತು ಬಿಡಪ್ಪ, ನಿನಗೆ ಗೊತ್ತು" ಅಂದೆ. ಅವನು ಮೈಕಿನವರ ಹತ್ತಿರ ಹೋದ. ನನಗೆ ತಿಂಡಿ ಕೊಟ್ಟರು. ಅರ್ಧಕ್ಕೇ ಬಿಟ್ಟೆ. ಎಲೆ ಮಡಿಚಿಟ್ಟು ಮತ್ತೆ ರಸ್ತೆಯ ಕೊನೆಗೆ ನಡೆದೆ. ಏನು ಮಾಡುವುದಕ್ಕೆ ಅಂತ ನನಗೇ ಗೊತ್ತಿರಲಿಲ್ಲ. ಕೂತಲ್ಲಿ ಕೂರಲಾಗದೆ ಹೋದೆ, ಅಷ್ಟೇ.

ಬೇಲಿಯ ಆಚೆ ಹೊಲದಲ್ಲಿ ಒಬ್ಬ ಹೆಂಗಸು ಎಮ್ಮೆಗೆ ಗೂಟ ಬಡಿಯುತ್ತಿದ್ದರು. ಅರವತ್ತೈದರ ಮೇಲಿನ ವಯಸ್ಸು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು. ಹೆಸರು ಕೆಂಪಮ್ಮ ಎಂದು ಆಮೇಲೆ ತಿಳಿಯಿತು. ಆ ಹೊಲ ಅವರದೇ.

"ಏನ್ ಸ್ವಾಮಿ, ಬೆಳುಗ್ಗಿಂದ ಅಳೀತಾನೇ ಇದ್ದೀರಿ. ಸೈಟ್ನೋರಾ?" ಎಂದು ಕೇಳಿದರು.

"ಇಲ್ಲಮ್ಮ, ನಾನು ಪಿ.ಟಿ. ಮೇಷ್ಟ್ರು. ಇವತ್ತು ಇಲ್ಲಿ ಬೈಕ್ ರೇಸ್ ಇದೆ."

"ಮೈಕ್ನಾಗೆ ಕೂಗ್ತಾವ್ರಲ್ಲ, ಅದಾ? ಎಲ್ಲಿಂದ ಎಲ್ಲಿಗೆ?"

"ಆ ಕೊನೆಯಿಂದ ಅಲ್ಲಿ ಬಿಳೀ ಗೆರೆ ಕಾಣುತ್ತಲ್ಲ, ಅಲ್ಲಿಗೆ."

ಅವರು ಬಿಸಿಲಿಗೆ ಕೈ ಅಡ್ಡ ಹಿಡಿದು ಗೆರೆ ನೋಡಿದರು. ಆಮೇಲೆ ತಮ್ಮ ಬೇಲಿ ನೋಡಿದರು.

"ನಿಲ್ದೆ ಓದ್ರೆ?"

"ಬ್ರೇಕ್ ಇರುತ್ತೆ ಅಮ್ಮ" ಅಂದೆ. ಹೇಳುವಾಗಲೇ ನಾಚಿಕೆಯಾಯಿತು.

"ನಮ್ಮೆಜಮಾನ್ರು ಜೋಡೆತ್ತಿನ ಗಾಡಿ ಓಡುಸ್ತಿದ್ರು ಮೇಷ್ಟ್ರೆ. ಓಟದ ಬಯಲ್ಗೆ ಓದ್ರೆ ಮೊದ್ಲು ಕೊನೆಗೋಗಿ ನೋಡೋರು. ಎತ್ತು ಎಲ್ಲಿ ನಿಲ್ತವೆ, ಅಲ್ಲಿ ಹಳ್ಳ ಅದಾ, ಬಾವಿ ಅದಾ, ಕಲ್ಲದಾ ಅಂತವ. ಅದು ಸರಿಯಿಲ್ದಿದ್ರೆ ಎತ್ತೇ ಬಿಚ್ಚೋರು, ಯಾರೆಷ್ಟೇ ಕರುದ್ರೂ ಓಡುಸ್ತಿರಲಿಲ್ಲ. ಓಡ್ಸೋದ ಯಾರಾದ್ರೂ ಓಡುಸ್ತಾರೆ. ನಿಲ್ಸೋದ ನೋಡ್ಬೇಕು ಅನ್ನೋರು."

ಅವರೇ ಬೇಲಿಯ ಹತ್ತಿರ ಬಂದು ಒಂದು ಕಂಬವನ್ನು ಅಂಗೈಯಿಂದ ತಟ್ಟಿದರು.

"ಇದ್ಕೆ ಬಂದು ಬಡುದ್ರೆ ಯಾವ ತಾಯಿ ಮಗ ಉಳುದಾನು? ಇದ ಕಿತ್ತಾಕಿ."

"ನಿಮ್ಮ ಬೇಲಿ ಅಮ್ಮ."

"ನನ್ದೇಯ. ಅದ್ಕೇ ಹೇಳ್ತಾ ಇರೋದು. ಶಿವಣ್ಣನ್ನ ಕರೀತೀನಿ, ಟ್ರಾಕ್ಟ್ರು ತತ್ತಾನೆ."

ಶಿವಣ್ಣ ಪಕ್ಕದ ಹೊಲದವನು. ಹಾರೆ, ಕಟಿಂಗ್ ಪ್ಲೇಯರು, ಸರಪಣಿ ಎಲ್ಲ ತೆಗೆದುಕೊಂಡೇ ಬಂದ. ಮೊದಲು ತಂತಿ ಬಿಚ್ಚಿದೆವು. ಮುಳ್ಳುತಂತಿ ಬಿಚ್ಚುವುದು ಅಂದುಕೊಂಡಷ್ಟು ಸುಲಭವಲ್ಲ. ಬಿಟ್ಟ ಕೂಡಲೇ ಸುರುಳಿ ಸುತ್ತಿಕೊಂಡು ಮೈಮೇಲೆ ಬರುತ್ತದೆ. ನನ್ನ ಎರಡೂ ಕೈ ಗೀಚಿದವು. ಕಂಬಗಳು ಎರಡಡಿ ಆಳಕ್ಕೆ ಹೂತಿದ್ದವು. ಬುಡ ಅಗೆದು, ಸರಪಣಿ ಬಿಗಿದು, ಟ್ರ್ಯಾಕ್ಟರಿನಲ್ಲಿ ಎಳೆಯಬೇಕು. ಒಂದು ಕಂಬ ಕಿತ್ತು ಮಲಗಿಸುವಷ್ಟರಲ್ಲಿ ಹತ್ತು ಗಂಟೆ ಹೊಡೆದಿತ್ತು. ಮೈಕಿನಲ್ಲಿ ಅತಿಥಿಗಳ ಹೆಸರು ಕೂಗುವುದು ಕೇಳಿಸಿತು. ಲೋಕೇಶನಿಗೆ ಫೋನ್ ಮಾಡಿದೆ, ಅರ್ಧ ಗಂಟೆ ನಿಲ್ಲಿಸು ಎಂದು ಹೇಳಲು. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದೆ. ಎತ್ತಲಿಲ್ಲ.

ನಾವು ಎರಡನೇ ಕಂಬದ ಬುಡ ಅಗೆಯುತ್ತಿದ್ದಾಗಲೇ ಮೊದಲ ಜೋಡಿ ಬಿಟ್ಟರು.

ಆ ಸದ್ದು ದೂರದಿಂದ ಕೇಳಿದರೆ ಒಂದು ರೀತಿ, ಅದು ನಮ್ಮ ಕಡೆಗೇ ಬರುತ್ತಿದ್ದರೆ ಇನ್ನೊಂದು ರೀತಿ. ಮೊದಲು ಎರಡು ಚುಕ್ಕಿ ಕಾಣಿಸಿದವು. ಕಣ್ಣು ಮಿಟುಕಿಸುವಷ್ಟರಲ್ಲಿ ಗೆರೆ ದಾಟಿದವು. ಶಿವಣ್ಣ ಹಾರೆ ಬಿಟ್ಟು ಬದುವಿನ ಮೇಲೆ ಹಾರಿ ನಿಂತ. ಬೈಕುಗಳು ನಿಧಾನವಾದವು. ಹಿಂದಿನದು ಜಲ್ಲಿಪುಡಿಯ ಮೇಲೆ ಸ್ವಲ್ಪ ಓಲಾಡಿ, ನಮ್ಮಿಂದ ಇಪ್ಪತ್ತು ಹೆಜ್ಜೆ ಆಚೆ ನಿಂತಿತು. ಓಡಿಸುತ್ತಿದ್ದವನು ಹೆಲ್ಮೆಟ್ ತೆಗೆದು ನಮ್ಮನ್ನು ನೋಡಿ ನಕ್ಕು, ತಿರುಗಿಸಿಕೊಂಡು ಹೋದ. ಇದು ಎಲ್ಲವೂ ಸರಿಯಿದ್ದ ಗಾಡಿ. ಬ್ರೇಕು ಸರಿ, ಆಳು ಸರಿ. ಆದರೂ ಉಳಿದದ್ದು ಇಪ್ಪತ್ತು ಹೆಜ್ಜೆ.

"ಅಗೀರಪ್ಪ ಬೇಗ" ಅಂದರು ಕೆಂಪಮ್ಮ.

ಎರಡನೆಯದು ಕಿತ್ತೆವು. ಮೂರನೆಯದು ಅರ್ಧ ಅಲುಗಾಡಿದಾಗ ಲೋಕೇಶ ಸ್ಕೂಟರಿನಲ್ಲಿ ಬಂದ. ಮುಖ ಕೆಂಪಗಾಗಿತ್ತು.

"ಸಾ, ಗೆಸ್ಟ್‌ಗಳು ಬಂದವ್ರೆ. ಗೆರೆ ತಾವ ನೀವಿಲ್ಲ. ಇಲ್ಬಂದು ಬೇಲಿ ಕೀಳ್ತಾ ಇದ್ದೀರಲ್ಲ. ನೋಡೋರು ಏನಂದ್ಕತಾರೆ?"

ನಾನು ಬಾಯಿ ತೆರೆಯುವ ಮೊದಲೇ ಕೆಂಪಮ್ಮ, "ಬೇಲಿ ನಂದು ಕಣಪ್ಪ. ನನ್ ಬೇಲಿ ನಾನ್ ಕೀಳುಸ್ತಾ ಇವ್ನಿ. ನಿಂಗೇನಾಗ್ಬೇಕು?" ಅಂದರು.

ಅವನು ನನ್ನ ಮುಖ ನೋಡಿದ. "ಗೆರೆ ಹತ್ರ ಬೇರೆ ಯಾರನ್ನಾದ್ರೂ ನಿಲ್ಲಿಸು. ನಾನು ಇಲ್ಲೇ ಇರ್ತೀನಿ. ಆಗಲಿಂದ ಹೇಳೋಣ ಅಂದ್ರೆ ಫೋನ್ ಎತ್ತಲಿಲ್ಲ ನೀನು. ಆ ಜಲ್ಲಿಪುಡಿ ಗುಡಿಸೋಕೆ ಇಬ್ಬರನ್ನ ಕಳಿಸು" ಅಂದೆ. ಅವನು ಸ್ಕೂಟರ್ ತಿರುಗಿಸಿದ. ಗುಡಿಸಲು ಯಾರೂ ಬರಲಿಲ್ಲ. ಕೆಂಪಮ್ಮನವರೇ ಮನೆಯಿಂದ ತೆಂಗಿನ ಗರಿಯ ಪೊರಕೆ ತಂದರು. ಎರಡು ಓಟದ ನಡುವೆ ಸಿಕ್ಕ ಸಮಯದಲ್ಲಿ ನಾನು ಒಂದಿಷ್ಟು ಗುಡಿಸಿದೆ. ಎಲ್ಲ ಆಗಲಿಲ್ಲ.

ಮೂರು ಕಂಬ ಕಿತ್ತ ಮೇಲೆ ರಸ್ತೆಯ ಅಗಲಕ್ಕೆ ಸರಿಯಾಗಿ ದಾರಿ ಬಿಟ್ಟಿತು. ಎರಡು ಪಕ್ಕ ಉಳಿದ ಕಂಬಗಳಿಗೆ ರಾಗಿಹುಲ್ಲಿನ ಕಂತೆಗಳನ್ನು ದಪ್ಪಗೆ ಸುತ್ತಿ ಹಗ್ಗದಿಂದ ಬಿಗಿದೆವು. ಎಮ್ಮೆಯ ಮೇವು. ನಾನು ಬೇಡ ಅಂದರೂ ಕೆಂಪಮ್ಮ ಕೇಳಲಿಲ್ಲ. ಆಚೆ ರಾಗಿ ಕೊಯ್ದ ಹೊಲ ಸಡಿಲವಾಗಿ, ಚಪ್ಪಟೆಯಾಗಿ ಬಿದ್ದಿತ್ತು. ಎಮ್ಮೆಯನ್ನು ಬೇರೆ ಕಡೆ ಕಟ್ಟಿದೆವು. ನನಗೆ ಆ ದಿನ ಮೊದಲ ಸಲ ಉಸಿರು ಹಗುರಾಯಿತು.

ಆ ಹಗುರ ಒಂದು ಗಂಟೆಯೂ ಉಳಿಯಲಿಲ್ಲ. ಬೇಲಿ ಇದ್ದಾಗ ಆ ಕಡೆ ಬರದಿದ್ದ ಜನ, ಬೇಲಿ ತೆಗೆದ ಕೂಡಲೇ ಅಲ್ಲಿಗೇ ನುಗ್ಗಿದರು. ಗಾಡಿ ಎದುರಿಗೇ ಬರುವುದನ್ನು ಫೋನಿನಲ್ಲಿ ಹಿಡಿಯಬೇಕು ಎಂಬ ಆಸೆ. ಹೊಲದ ನಡುವೆ ಕುಕ್ಕರಗಾಲಲ್ಲಿ ಕೂತರು. ಕಬ್ಬಿನ ಹಾಲಿನ ಗಾಡಿಯವನು ಜನ ಇದ್ದ ಕಡೆ ವ್ಯಾಪಾರ ಎಂದು ತನ್ನ ಗಾಡಿಯನ್ನು ತಂದು ಟಾರಿನ ಅಂಚಿಗೇ ನಿಲ್ಲಿಸಿದ. ಜೀವ ಉಳಿಸಲು ಅಂತ ಬಿಡಿಸಿದ ಜಾಗದಲ್ಲೇ ಇಪ್ಪತ್ತು ಮೂವತ್ತು ಜೀವ ತಂದು ಕೂರಿಸಿದ ಹಾಗಾಯಿತು. ಸೀಟಿ ಊದಿದೆ. ಎದ್ದು ನಾಲ್ಕು ಹೆಜ್ಜೆ ಹೋಗುವರು, ನಾನು ಆ ಕಡೆ ತಿರುಗಿದರೆ ಮತ್ತೆ ಬಂದು ಕೂರುವರು. "ಏನಾಗಲ್ಲ ಬುಡಿ ಸಾ" ಅನ್ನುವರು.

ಕೊನೆಗೆ ಕೆಂಪಮ್ಮನವರೇ ಎಮ್ಮೆ ಹೊಡೆಯುವ ಕೋಲು ಹಿಡಿದು ಎದ್ದರು.

"ನನ್ ಹೊಲ ಕಣ್ರಪ್ಪ ಇದು. ಎದ್ದೋಗಿ. ನಿಮ್ಮನೆ ಅಂಗಳ್ಕೆ ಬಂದು ನಾನು ಇಂಗ್ ಕುಂತ್ಕಂಡ್ರೆ ಬುಟ್ಟೀರಾ? ಏಯ್ ಕಬ್ಬಿನಾಲ್ನೋನೆ, ತಳ್ಕ ಆ ಗಾಡಿಯ."

ಸೀಟಿಗೆ ಏಳದವರು ಹೊಲದ ಒಡತಿಯ ಮಾತಿಗೆ ಎದ್ದರು. ಅಲ್ಲಿಂದ ಮಧ್ಯಾಹ್ನವೆಲ್ಲ ನಾವಿಬ್ಬರೂ ಅದೇ ಕೆಲಸ. ನಾನು ಬಲಗಡೆ, ಅವರು ಎಡಗಡೆ. ಒಂದು ಜೋಡಿ ಬಿಡುವ ಮೊದಲು ಜನರನ್ನು ಬದುವಿನಾಚೆ ಅಟ್ಟುವುದು, ಓಟ ಮುಗಿದ ಮೇಲೆ ಮತ್ತೆ ಬಂದವರನ್ನು ಮತ್ತೆ ಅಟ್ಟುವುದು. ಕೂರಲಿಲ್ಲ. ಊಟ ಮಾಡಲಿಲ್ಲ. ಎಷ್ಟು ಜೋಡಿ ಹೋದವು ಎಂದು ಲೆಕ್ಕ ತಪ್ಪಿತು. ಎಲ್ಲರೂ ನಿಂತರು. ನನಗೇ ಒಂದು ಅನುಮಾನ ಬಂತು. ಸುಮ್ಮನೆ ಹೆದರಿದೆನಾ? ಒಬ್ಬ ಬಡ ಹೆಂಗಸಿನ ಬೇಲಿ ಹಾಳು ಮಾಡಿದೆನಾ?

ಮಧ್ಯಾಹ್ನದ ಮೇಲೆ ಮಹೇಶ ಒಂದು ಓಟ ಗೆದ್ದು, ನಮ್ಮ ಹತ್ತಿರದವರೆಗೂ ಬಂದು ನಿಂತ.

"ಸಾ, ಫೈನಲ್ಗೆ ಬಂದಿವ್ನಿ. ಊಟ ಮಾಡುದ್ರಾ?"

"ಮಾಡ್ತೀನಿ ಕಣೋ. ಗೆರೆ ದಾಟಿದ ಕೂಡಲೇ ಬಿಟ್ಟುಬಿಡು ಗಾಡಿನ. ಜಾಗ ಕಮ್ಮಿ ಇದೆ."

"ಊ ಸಾ" ಅಂದ. ಬಿಸಿಲಿಗೆ ಮುಖ ಹೊಳೆಯುತ್ತಿತ್ತು. ಹೈಸ್ಕೂಲಿನಲ್ಲಿ ಓಟಕ್ಕೆ ನಿಂತಾಗ ಹೇಗಿದ್ದನೋ ಹಾಗೇ ಕಂಡ.

ನಾಲ್ಕು ಗಂಟೆಗೆ ಫೈನಲ್. ಮೈಕಿನಲ್ಲಿ ಹೆಸರು ಕೂಗಿದ ಕೂಡಲೇ ಜನ ಮತ್ತೆ ಹೊಲಕ್ಕೆ ನುಗ್ಗಿದರು. ಈ ಸಲ ಕೆಂಪಮ್ಮನ ಮಾತನ್ನೂ ಕೇಳಲಿಲ್ಲ. ನಾನು ಕಿತ್ತ ಕಂಬದ ಜಾಗದಲ್ಲಿ, ಸರಿಯಾಗಿ ದಾರಿಯ ನಡುವೆ ನಿಂತು, ಎರಡೂ ಕೈ ಚಾಚಿ ಅವರನ್ನು ಹಿಂದಕ್ಕೆ ತಳ್ಳುತ್ತಿದ್ದೆ. ನನ್ನ ಬೆನ್ನು ರಸ್ತೆಯ ಕಡೆಗಿತ್ತು. ಅದು ತಪ್ಪು ಎಂದು ಗೊತ್ತಿದ್ದೂ ಆ ಗಡಿಬಿಡಿಯಲ್ಲಿ ಮರೆತಿದ್ದೆ.

ಸದ್ದು ಎದ್ದಿತು. ಹತ್ತಿರವಾಯಿತು. ಗೆರೆ ದಾಟಿದ ಮೇಲೆ ಪ್ರತಿ ಸಲ ಆ ಸದ್ದು ಇಳಿಯುತ್ತಿತ್ತು. ಇಡೀ ದಿನ ಕೇಳಿ ಕೇಳಿ ನನ್ನ ಕಿವಿ ಅದನ್ನು ಕಲಿತುಬಿಟ್ಟಿತ್ತು. ಈ ಸಲ ಇಳಿಯಲಿಲ್ಲ.

ನನ್ನ ಎದುರಿಗಿದ್ದ ಜನರ ಮುಖ ಬದಲಾದದ್ದನ್ನು ನೋಡಿದೆ. ಎಲ್ಲರೂ ಒಮ್ಮೆಗೇ ಚೆದುರಿ ಓಡಿದರು. ನಾನು ತಿರುಗಿದೆ. ಒಂದು ಬೈಕು ಹಿಂದೆ ಉಳಿದಿತ್ತು. ಇನ್ನೊಂದು ನೇರವಾಗಿ ನನ್ನ ಕಡೆಗೇ ಬರುತ್ತಿತ್ತು. ಓಡಬೇಕು ಎಂದು ಗೊತ್ತಾಯಿತು. ಕಾಲು ಏಳಲಿಲ್ಲ. ಇಷ್ಟು ವರ್ಷ ಮಕ್ಕಳಿಗೆ ಓಡು ಓಡು ಎಂದು ಕೂಗಿದವನ ಕಾಲು ನೆಲಕ್ಕೆ ಅಂಟಿಕೊಂಡಿತ್ತು.

ಯಾರೋ ನನ್ನ ಸೀಟಿಯ ದಾರ ಹಿಡಿದು ಎಳೆದರು. ಕತ್ತು ಕೊಯ್ದ ಹಾಗಾಯಿತು. ಪಕ್ಕಕ್ಕೆ, ಒಬ್ಬರ ಮೇಲೆ ಒಬ್ಬರು ಬಿದ್ದೆವು. ಬಿದ್ದಾಗ ಮೂಗಿಗೆ ಬಡಿದದ್ದು ಸುಟ್ಟ ರಬ್ಬರಿನ ವಾಸನೆ. ಬೈಕು ಜಲ್ಲಿಪುಡಿಯ ಮೇಲೆ ಅಡ್ಡಡ್ಡ ತಿರುಗಿ, ಬೇಲಿ ತೆಗೆದ ಜಾಗದಲ್ಲಿ ನುಗ್ಗಿ, ಹೊಲದಲ್ಲಿ ಪಲ್ಟಿ ಹೊಡೆಯುತ್ತಾ ದೂರ ಹೋಗಿ ಬಿತ್ತು. ಓಡಿಸುತ್ತಿದ್ದವನು ಅದರಿಂದ ಬೇರೆಯಾಗಿ ಜಾರುತ್ತಾ ಬಂದು, ಹುಲ್ಲು ಸುತ್ತಿದ ಕಂಬಕ್ಕೆ ಭುಜ ಬಡಿದು, ಸುತ್ತಿ ಮಣ್ಣಿನ ಮೇಲೆ ಬಿದ್ದ.

ಕೆಂಪಮ್ಮ ನನ್ನ ಕೆಳಗಿಂದ, "ಏಳಿ ಮೇಷ್ಟ್ರೆ, ಆ ಮಗಾನ ನೋಡಿ" ಅಂದರು. ಅವರ ಕೈಯಲ್ಲಿ ಇನ್ನೂ ನನ್ನ ಸೀಟಿಯ ದಾರ ಇತ್ತು.

ಅದು ಮಹೇಶ. ಹೆಲ್ಮೆಟ್ ತೆಗೆಯಬೇಡಿ, ಎತ್ತಬೇಡಿ ಎಂದು ಓಡಿ ಬಂದವರಿಗೆಲ್ಲ ಕೂಗಿದೆ. ಅಷ್ಟು ತಿಳಿದಿತ್ತು. ಅವನು ಕಣ್ಣು ಬಿಟ್ಟಿದ್ದ. "ಕಾಲು ಅಲ್ಲಾಡಿಸೋ" ಅಂದೆ. ಅಲ್ಲಾಡಿಸಿದ. ನಾನು ಅವನ ಪಕ್ಕ ಮಣ್ಣಿನಲ್ಲೇ ಕೂತೆ. ಆಂಬುಲೆನ್ಸ್ ನಿಲ್ಲಿಸಿದ್ದದ್ದು ಹೊರಡುವ ಗೆರೆಯ ಹತ್ತಿರ, ಅತಿಥಿಗಳ ಕಾರುಗಳ ಹಿಂದೆ. ಅದು ಕಾರುಗಳನ್ನು ತೆಗೆಸಿ, ಜನರನ್ನು ಬಿಡಿಸಿಕೊಂಡು ಬರುವವರೆಗೆ ಕೆಂಪಮ್ಮ ತಮ್ಮ ಸೆರಗಿನಿಂದ ಅವನ ಮುಖಕ್ಕೆ ಬಿಸಿಲು ಬೀಳದ ಹಾಗೆ ಹಿಡಿದು ನಿಂತಿದ್ದರು. ಎಷ್ಟು ಹೊತ್ತಾಯಿತೋ. ನನಗಂತೂ ಒಂದು ಗಂಟೆಯಂತೆ ಅನಿಸಿತು.

ಲೋಕೇಶ ಓಡಿ ಬಂದ. ಒಂದು ಕಾಲಿನ ಚಪ್ಪಲಿ ಎಲ್ಲೋ ಬಿದ್ದುಹೋಗಿತ್ತು. ತಮ್ಮನ ಪಕ್ಕ ಕೂತು ಅವನ ಕೈ ಹಿಡಿದುಕೊಂಡ. ಆಮೇಲೆ ತಲೆ ಎತ್ತಿ ಟೈರಿನ ಗುರುತು ನೋಡಿದ. ಆ ಗುರುತು ಟಾರಿನಿಂದ ಮಣ್ಣಿಗೆ ಇಳಿದು, ನಡುವಿನ ಕಂಬ ಕಿತ್ತ ಗುಂಡಿಯ ಮೇಲೇ ಹಾದು ಹೋಗಿತ್ತು. ಅವನು ಆ ಗುಂಡಿಯನ್ನು ನೋಡುತ್ತಲೇ ಇದ್ದ.

ಆಸ್ಪತ್ರೆಯಲ್ಲಿ ನೋಡಿದಾಗ ಕೊರಳೆಲುಬು ಮುರಿದಿತ್ತು. ಎರಡು ಬೆರಳು ಮುರಿದಿದ್ದವು. ತೊಡೆ, ಮೊಣಕೈ ಚರ್ಮ ಕಿತ್ತುಹೋಗಿತ್ತು. ಜೀವಕ್ಕೆ ಏನೂ ಇಲ್ಲ ಎಂದು ಡಾಕ್ಟರು ಹೇಳಿದರು. ಬೈಕಿನ ಆಕ್ಸಿಲರೇಟರಿನ ವೈರು ಸಿಕ್ಕಿಹಾಕಿಕೊಂಡು ವಾಪಸು ಬಂದಿರಲಿಲ್ಲ. ಅಷ್ಟೇ ಕಾರಣ. ಒಂದು ತೆಳ್ಳನೆಯ ವೈರು.

ಮಹೇಶ ನನ್ನನ್ನು ನೋಡಿ, "ಸಾರಿ ಸಾ. ಗೆರೆ ದಾಟಿದ್ ತಕ್ಷಣ ಬುಡು ಅಂದಿದ್ರಿ. ನಾನು ಒಸಿ ಆಚೆಗಂಟ ಬುಡ್ನಿಲ್ಲ. ಬುಡೋವತ್ಗೆ ವೈರು ಸಿಗಾಕ್ಕಂಡಿತ್ತು" ಅಂದ. ಆಮೇಲೆ ನಗಲು ನೋಡಿದ. "ಸ್ಕೂಲ್ನಾಗೆ ನೀವೇ ಹೇಳ್ಕೊಡ್ತಿದ್ರಲ್ಲ ಸಾ. ಗೆರೆತಾವ ನಿಧಾನ ಮಾಡ್ಬ್ಯಾಡಿ, ಗೆರೆ ಇನ್ನೂ ಹತ್ತು ಮೀಟ್ರು ಮುಂದದೆ ಅಂದ್ಕಂಡು ಓಡಿ ಅಂತವ. ಅದೇ ಮನಸಿನಾಗೆ ಕುಂತ್ಬುಟ್ಟದೆ."

ಹೌದು, ಹಾಗೇ ಹೇಳಿಕೊಡುತ್ತಿದ್ದೆ. ಎಲ್ಲ ಮಕ್ಕಳಿಗೂ ಅದನ್ನೇ ಹೇಳಿದ್ದೇನೆ. ಗೆರೆ ದಾಟುವುದನ್ನು ಕಲಿಸಿದ್ದೆ, ದಾಟಿದ ಮೇಲೆ ಏನು ಎಂದು ಯಾರಿಗೂ ಹೇಳಿರಲಿಲ್ಲ. ಅವನ ತಲೆ ಸವರಿ ಹೊರಗೆ ಬಂದು ಬೆಂಚಿನ ಮೇಲೆ ಕೂತೆ. ಆಗ ಕತ್ತು ಉರಿಯುತ್ತಿರುವುದು ಗೊತ್ತಾಯಿತು.

ಆ ವಾರ ಯಾರೋ ತೆಗೆದ ವಿಡಿಯೋ ಎಲ್ಲರ ಫೋನಿಗೂ ಹೋಯಿತು. ಪಿ.ಟಿ. ಮೇಷ್ಟ್ರು ಬೇಲಿ ಕೀಳಿಸದೆ ಇದ್ದಿದ್ದರೆ ಹುಡುಗ ಉಳಿಯುತ್ತಿರಲಿಲ್ಲ ಎಂದು ಮಾತು ಹಬ್ಬಿತು. ಶ್ರೀರಂಗಪಟ್ಟಣದ ನೆಂಟರು ಫೋನ್ ಮಾಡಿದರು. ಶಾಲೆಯಲ್ಲಿ ಪ್ರಾರ್ಥನೆ ಮುಗಿದ ಮೇಲೆ ಎಲ್ಲ ಮಕ್ಕಳ ಎದುರಿಗೆ ನನಗೆ ಶಾಲು ಹೊದಿಸಿದರು. ನಾನು ಹೊದಿಸಿಕೊಂಡೆ. ಕೆಂಪಮ್ಮನ ಹೆಸರನ್ನು ಹೇಳಬೇಕು ಎಂದುಕೊಂಡು ಮೈಕಿನ ಮುಂದೆ ನಿಂತೆ. ಆದರೆ ‘ಎಲ್ಲರಿಗೂ ನಮಸ್ಕಾರ’ ಎಂದಷ್ಟೇ ಹೇಳಿ ಇಳಿದುಬಿಟ್ಟೆ. ಭಾವುಕರಾದರು ಎಂದು ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ಕೇಳುತ್ತಾ ನಾನು ಎಲ್ಲಿ ನೋಡುವುದೆಂದು ತಿಳಿಯದೆ ನೆಲ ನೋಡಿದೆ.

ಮುಂದಿನ ಭಾನುವಾರ ಲೋಕೇಶನನ್ನು ಕರೆದುಕೊಂಡು ಕೆಂಪಮ್ಮನ ಹೊಲಕ್ಕೆ ಹೋದೆ. ಕಂಬ ನೆಟ್ಟು ಬೇಲಿ ಸರಿ ಮಾಡಿಕೊಡಬೇಕಿತ್ತು. ಹೊಸ ತಂತಿ, ಸಿಮೆಂಟು, ಎಮ್ಮೆಗೆ ಒಂದು ಗಾಡಿ ಹುಲ್ಲು ಎಲ್ಲ ಲೋಕೇಶನೇ ತಂದಿದ್ದ. ಅವನು ಹೋದವನೇ ಕೆಂಪಮ್ಮನ ಕಾಲಿಗೆ ಬಿದ್ದ.

"ಏಳಪ್ಪ, ಏಳು. ತಮ್ಮ ಎಂಗವ್ನೆ?" ಎಂದು ಕೇಳಿದರು. ಹುಲ್ಲು ಇಳಿಸಿಕೊಂಡರು. ತಂತಿ ನೋಡಿ, "ಅದ ವಾಪಸ್ ತಗಂಡೋಗು. ಕಂಬ ನೆಡ್ಬ್ಯಾಡಿ" ಅಂದರು.

"ಯಾಕಮ್ಮ?" ಎಂದು ನಾನು ಕೇಳಿದೆ.

"ಇನ್ನೇನು ಇಲ್ಲಿ ಮನೆ ಕಟ್ಟಾಕೆ ಬತ್ತಾರೆ. ಈಗ್ಲೇ ಸಾಯಂಕಾಲದ್ ವತ್ತು ಗಾಡಿ ಕಲಿಯಾಕೆ ಅಂತ ಬತ್ತಾವ್ರೆ, ಎಂಗುಸ್ರು ಮಕ್ಳು ಎಲ್ಲಾವ. ರಸ್ತೆ ಇಲ್ಲಿಗೆ ಮುಗೀತದೆ ಅಂತ ಅವ್ರಿಗೇನ್ ಗೊತ್ತು? ಮುಗೀತು ಅನ್ನೋದ್ಕೆ ದೂರಕ್ಕೆ ಕಾಣಂಗೆ ಒಂದು ಬೋರ್ಡು ಬರೆದಾಕ್ಸಿ. ಆಮೇಲೆ ನೋಡಾನ."

"ಬೇಲಿ ಇಲ್ಲದಿದ್ರೆ ಬೆಳೆಗೆ ದನ ನುಗ್ತವಲ್ಲಮ್ಮ?"

"ದನ ನಿಲ್ಲು ಅಂದ್ರೆ ನಿಲ್ತವೆ ಬುಡಿ" ಅಂದರು.

ಲೋಕೇಶ ಬೋರ್ಡಿಗೆ ಅಳತೆ ತೆಗೆದುಕೊಳ್ಳಲು ರಸ್ತೆಯ ಕಡೆ ಹೋದ. ನಾವಿಬ್ಬರೇ ಉಳಿದಾಗ ನನ್ನ ಹೊಟ್ಟೆಯಲ್ಲಿದ್ದದ್ದನ್ನು ಹೇಳಿಬಿಟ್ಟೆ.

"ಎಲ್ಲರೂ ನಾನು ಉಳಿಸಿದೆ ಅಂತಾರೆ ಅಮ್ಮ. ಶಾಲು ಹೊದಿಸಿದ್ರು. ನಿಜ ಅದಲ್ಲ. ಬೆಳಗ್ಗೆ ನಾನು ಒಂದು ಸಲ ಹೇಳಿದೆ, ಅವನು ಆಗಲ್ಲ ಅಂದ, ಸುಮ್ಮನಾದೆ. ನೀವು ಕೇಳದೆ ಇದ್ದಿದ್ರೆ ನಾನು ತಿರುಗಿ ಹೋಗಿ ಗೆರೆ ಹತ್ರ ನಿಂತ್ಕೋತಿದ್ದೆ. ನನ್ನನ್ನ ಎಳೆದದ್ದೂ ನೀವೇ."

ಅವರು ಎಮ್ಮೆಯ ಮುಂದೆ ಹುಲ್ಲು ಉದುರಿಸಿದರು.

"ನೀವು ಇಲ್ಲಿಗಂಟ ನಡ್ಕಂಡ್ ಬರ್ದೆ ಇದ್ದಿದ್ರೆ ನಾನ್ ಯಾರನ್ನ ಕೇಳ್ತಿದ್ದೆ ಮೇಷ್ಟ್ರೆ?" ಅಂದರು.

ಆ ಮಾತಿನಿಂದ ಸಮಾಧಾನವಾಯಿತು. ಪೂರ್ತಿ ಆಗಲಿಲ್ಲ. ಇವತ್ತಿಗೂ ಆಗಿಲ್ಲ. ಮೈಕಿನ ಮುಂದೆ ಹೇಳಲಾಗದ ಅವರ ಹೆಸರನ್ನು ಇಲ್ಲಾದರೂ ಹೇಳೋಣ ಎಂದು ಇದನ್ನು ಬರೆದಿದ್ದೇನೆ. ಗೆರೆಯಿಂದಾಚೆ ಗಾಡಿ ನಿಲ್ಲಲು ಬಿಡುವ ಆ ಜಾಗಕ್ಕೆ ಶಟ್‌ಡೌನ್ ಏರಿಯಾ ಅನ್ನುತ್ತಾರೆ, ದೊಡ್ಡ ಊರಿನ ಟ್ರ್ಯಾಕುಗಳಲ್ಲಿ ಓಟದಷ್ಟೇ ಅದಕ್ಕೂ ಜಾಗ ಬಿಡುತ್ತಾರೆ, ಕೊನೆಯಲ್ಲಿ ಮರಳು ಸುರಿದಿರುತ್ತಾರೆ ಎಂದು ಲೋಕೇಶ ಆಮೇಲೆ ತಿಳಿದುಕೊಂಡು ಬಂದು ನನಗೆ ಹೇಳಿದ. ಆ ಹೆಸರು ಗೊತ್ತಿಲ್ಲದ ಕೆಂಪಮ್ಮನಿಗೆ ವಿಷಯ ಗೊತ್ತಿತ್ತು.

ಈಗ ಯಾವ ಕಾರ್ಯಕ್ರಮಕ್ಕೆ ಹೋದರೂ ನಾನು ಕೂತ ಕಡೆ ಕೂರುವುದಿಲ್ಲ. ಎದ್ದು ಹೋಗಿ ಕೊನೆ ನೋಡಿಕೊಂಡು ಬರುತ್ತೇನೆ. ಸರಿಯಿಲ್ಲದಿದ್ದರೆ ಹೇಳುತ್ತೇನೆ. ಕೇಳದಿದ್ದರೆ ಮತ್ತೆ ಹೇಳುತ್ತೇನೆ. ಮೂರನೇ ಸಲವೂ ಹೇಳುತ್ತೇನೆ. ಈಚೆಗೆ ನನ್ನ ಹಿಂದೆ ಕಿರಿಕಿರಿ ಮೇಷ್ಟ್ರು ಅನ್ನುತ್ತಾರಂತೆ. ಅನ್ನಲಿ.